ವೈರಿಯ ಊರಿನ ಕಲ್ಲುಗಳ ಪರವಾಗಿ

ಯುದ್ಧ ಶುರುವಾದ ಮೇಲೆ ಈ ಮಾತು ಆಡಲಿಕ್ಕೆ ಆಗುವುದಿಲ್ಲ. ಆಗ ಗಡಿಯಲ್ಲಿ ನಮ್ಮ ಹುಡುಗರು ಸಾಯುತ್ತಿರುತ್ತಾರೆ, ಟೀವಿಯವರು ಸೈರನ್ ಹಾಕಿಕೊಂಡು ಕೂಗುತ್ತಿರುತ್ತಾರೆ. ಆ ಕಡೆಯ ಕೋಟೆ, ಗುಡಿ, ಮಸೀದಿ, ಗ್ರಂಥಭಂಡಾರಗಳ ಗತಿ ಏನು ಎಂದು ಕೇಳಿದವನಿಗೆ ದೇಶದ್ರೋಹಿ ಪಟ್ಟ ಕಟ್ಟಲು ಅರ್ಧ ನಿಮಿಷವೂ ಬೇಡ. ಅದಕ್ಕೇ ತೋಪುಗಳು ತಣ್ಣಗಿರುವ ಈ ಹೊತ್ತಿನಲ್ಲಿ ಕೇಳುತ್ತಿದ್ದೇನೆ. ನಮ್ಮ ಗುಡಿಯನ್ನು ಪರರಿಂದ ಕಾಪಾಡಿಕೊಳ್ಳಿ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅದು ತಾನಾಗಿ ಬರುತ್ತದೆ. ನನ್ನ ಅಹವಾಲು ಬೇರೆ. ಪರರ ಗುಡಿಯನ್ನು ನಮ್ಮ ಕೈಯಿಂದ ಕಾಪಾಡೋಣ.

ಪಾಕಿಸ್ತಾನದೊಂದಿಗೆ ಕಾದಾಡಿದ 2025ರ ಮೇ 7ರಿಂದ 10ರವರೆಗಿನ ದಿನಗಳನ್ನು ನೆನಪಿಗೆ ತಂದುಕೊಳ್ಳಿ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರನ್ನು ಕೊಂದವರ ಮೇಲೆ ನಮಗೆಲ್ಲ ಕುದಿಯುವ ಸಿಟ್ಟಿತ್ತು. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಸಿಟ್ಟು ಬರಬೇಕಾದದ್ದೇ. ಆದರೆ ಕರಾಚಿ ಬಂದರು ಸುಟ್ಟುಹೋಯಿತು ಎಂದು ನಡೆಯದ್ದನ್ನು ನಡೆದದ್ದೆಂದು ಚಾನೆಲ್‌ಗಳು ಸಾರಿದಾಗ ನಮ್ಮಲ್ಲಿ ಎಷ್ಟು ಜನ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದೆವು? 'ಲಾಹೋರನ್ನು ನೆಲಸಮ ಮಾಡಿ' ಎಂಬ ಸಂದೇಶವನ್ನು ಎಷ್ಟು ವಾಟ್ಸಾಪ್ ಗುಂಪುಗಳಿಗೆ ಮುಂದೆ ದಾಟಿಸಿದೆವು? ಕಳಿಸಿದವರು ಕ್ರೂರಿಗಳೇನಲ್ಲ. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಬೆಳಿಗ್ಗೆ ಎದ್ದ ಕೂಡಲೇ ಗುಂಪಿಗೆಲ್ಲ ಶುಭೋದಯ ಹೇಳುವ ಸಂಭಾವಿತರು.

ಲಾಹೋರಿನಲ್ಲಿ ಏನೇನಿದೆ ಗೊತ್ತೇ? ಅಲ್ಲಿಯ ಕೋಟೆಯೂ ಶಾಲಿಮಾರ್ ತೋಟವೂ 1981ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕೋಟೆಯ ಒಳಗೆ ಶ್ರೀರಾಮನ ಮಗ ಲವನ ಹೆಸರಿನ ಪುಟ್ಟ ಗುಡಿಯಿದೆ. ಕೋಟೆಯ ಮಗ್ಗುಲಿಗೆ ಮಹಾರಾಜ ರಣಜಿತ್ ಸಿಂಗನ ಸಮಾಧಿ. ಊರಿನ ಮ್ಯೂಸಿಯಮ್ಮಿನಲ್ಲಿ ಗಾಂಧಾರ ಶಿಲ್ಪದ ಉಪವಾಸದ ಬುದ್ಧನಿದ್ದಾನೆ. ಹೊಟ್ಟೆ ಬೆನ್ನಿಗಂಟಿದೆ, ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು, ಕಣ್ಣು ಗುಳಿಬಿದ್ದಿವೆ, ಚರ್ಮದಡಿಯ ನರಗಳನ್ನೂ ಶಿಲ್ಪಿ ಬಿಟ್ಟಿಲ್ಲ. ನೆಲಸಮ ಎಂದಾಗ ಇವಿಷ್ಟೂ ಆ ಲೆಕ್ಕದೊಳಗೇ ಬಂತು.

ಇನ್ನೂ ಹತ್ತಿರದ್ದೊಂದು ಹೇಳುತ್ತೇನೆ. ಕಾಶ್ಮೀರದ ಕುಪ್ವಾರಾ ಜಿಲ್ಲೆಯಲ್ಲಿ, ಕಿಶನ್‌ಗಂಗಾ ನದಿಯ ದಡದಲ್ಲಿ ತೀತ್ವಾಲ್ ಎಂಬ ಹಳ್ಳಿಯಿದೆ. ಹೊಳೆಯೇ ಅಲ್ಲಿ ನಿಯಂತ್ರಣ ರೇಖೆ. ಆಚೆ ದಡದವರು ಬಟ್ಟೆ ಒಗೆಯುವುದು ಈಚೆಗೆ ಕಾಣುತ್ತದೆ. 2023ರ ಮಾರ್ಚಿನಲ್ಲಿ ಅಲ್ಲಿ ಹೊಸದೊಂದು ಶಾರದಾ ಗುಡಿಯ ಬಾಗಿಲು ತೆರೆಯಿತು. ಕಟ್ಟುವಾಗ ಊರಿನ ಮುಸ್ಲಿಮರೂ ಸಿಖ್ಖರೂ ಜೊತೆಗೆ ನಿಂತರು. ಗರ್ಭಗುಡಿಯಲ್ಲಿರುವ ಪಂಚಲೋಹದ ಶಾರದೆಯನ್ನು ಕೊಟ್ಟದ್ದು ನಮ್ಮ ಶೃಂಗೇರಿ ಮಠ. ತುಂಗಾ ತೀರದಿಂದ ಹೊರಟ ತಾಯಿ ಫಿರಂಗಿಯ ಗುಂಡು ಬೀಳುವಷ್ಟು ಹತ್ತಿರದಲ್ಲಿ ಹೋಗಿ ಕೂತಿದ್ದಾಳೆ. ಅದೇ ಕಿಶನ್‌ಗಂಗಾ ಕಣಿವೆಯಲ್ಲಿ, ರೇಖೆಯ ಆಚೆಗೆ, ಮೂಲ ಶಾರದಾ ಪೀಠದ ಕಲ್ಲಿನ ಗೋಡೆಗಳು ಮಾಡಿಲ್ಲದೆ ನಿಂತಿವೆ. ಈಗ ಹೇಳಿ, ಆ ಕಣಿವೆಯಲ್ಲಿ ಯಾವ ಕಲ್ಲು ನಮ್ಮದು, ಯಾವುದು ವೈರಿಯದು? ಮೇಲಿಂದ ಬೀಳುವ ಷೆಲ್ಲಿಗೆ ಅದನ್ನು ವಿಂಗಡಿಸುವ ಬುದ್ಧಿಯಿದೆಯೇ?

ಶಾರದೆಯ ಮಾತು ಬಂದದ್ದರಿಂದ ಶೃಂಗೇರಿಯ ಕಥೆಯನ್ನೂ ಹೇಳಿಬಿಡಬೇಕು. 1791, ಮೂರನೆಯ ಮೈಸೂರು ಯುದ್ಧ. ಮರಾಠರು ಇಂಗ್ಲಿಷರ ಜೊತೆ ಸೇರಿ ಟಿಪ್ಪುವಿನ ಮೇಲೆ ಬಂದಿದ್ದರು. ಪರಶುರಾಮ ಭಾವು ಪಟವರ್ಧನನ ಪಡೆಯ ಕುದುರೆ ಸವಾರರು ಶೃಂಗೇರಿಗೆ ನುಗ್ಗಿದರು. ಮಠವನ್ನು ದೋಚಿದರು, ಜನರನ್ನು ಕೊಂದರು, ಶಾರದೆಯ ವಿಗ್ರಹವನ್ನು ಪೀಠದಿಂದ ಕದಲಿಸಿದರು. ಗುರುಗಳು ಊರು ಬಿಟ್ಟು ಕಾರ್ಕಳ ಸೇರಿದರು. ನುಗ್ಗಿದ ಸೈನ್ಯ ಯಾರ ಹೆಸರಿನದು? ಬ್ರಾಹ್ಮಣ ಪೇಶ್ವೆಯ ಹೆಸರಿನದು. ದೋಚಿಸಿಕೊಂಡದ್ದು ಸ್ಮಾರ್ತರ ಪರಮ ಗುರುಪೀಠ. ಆಮೇಲೆ ಬಂದ ಸಮಜಾಯಿಷಿ ಇಂದಿನ ಯಾವ ಸೇನಾ ವಕ್ತಾರನ ಬಾಯಲ್ಲೂ ಕೇಳಬಹುದಾದದ್ದು: ಅದು ಪಿಂಡಾರಿಗಳ ಕೆಲಸ, ನಮ್ಮದಲ್ಲ. ಗುರುಗಳು ಟಿಪ್ಪುವಿಗೆ ಬರೆದರು. ಟಿಪ್ಪು ನೊಂದು ಉತ್ತರ ಬರೆದ, ಶಾರದೆಯ ಮರುಪ್ರತಿಷ್ಠೆಗೆ 200 ರಾಹತಿ ನಗದು ಕೊಡುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ. ಈ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲೇ ಪತ್ತೆಮಾಡಿದರು.

ಈ ಪ್ರಸಂಗವನ್ನು ನಮ್ಮಲ್ಲಿ ಟಿಪ್ಪುವಿನ ಪರ ಇರುವವರು ಒಂದು ರೀತಿ ಬಳಸುತ್ತಾರೆ, ವಿರೋಧಿಗಳು ಇನ್ನೊಂದು ರೀತಿ ತಳ್ಳಿಹಾಕುತ್ತಾರೆ. ಮಲಬಾರಿನಲ್ಲಿ, ಕೊಡಗಿನಲ್ಲಿ ಇದೇ ಟಿಪ್ಪುವಿನ ದಂಡು ಮಾಡಿದ್ದನ್ನು ಎತ್ತಿ ತೋರಿಸುತ್ತಾರೆ. ತೋರಿಸಲಿ. ನನಗೆ ಆ ಜಗಳ ಈ ಹೊತ್ತು ಬೇಡ. ದೇವರ ಮೇಲಿನ ಭಕ್ತಿ ಸೈನ್ಯವನ್ನು ತಡೆಯುವುದಿಲ್ಲ ಎಂಬುದಷ್ಟೇ ಬೇಕು. ತನ್ನ ದೇವರ ಮನೆಯನ್ನೇ ದೋಚಿದ ದಂಡು ಪರರ ದೇವರ ಮನೆಗೆ ಮರ್ಯಾದೆ ಕೊಟ್ಟೀತೇ?

"ಜನರೇ ಸಾಯುವಾಗ ಕಲ್ಲಿನ ಚಿಂತೆ ಏಕೆ ಸ್ವಾಮಿ?" ಎಂದು ನೀವು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. ಒಂದು ಮಗುವಿನ ಉಸಿರನ್ನೂ ಹಂಪಿಯ ವಿಜಯವಿಠ್ಠಲ ಗುಡಿಯನ್ನೂ ತೂಗಿದರೆ ಮಗುವೇ ಹೆಚ್ಚು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕಲಾಪ್ರೇಮ ಒಂದೇ ಇದ್ದರೆ ಅದು ಎಂಥ ಕಡೆ ಒಯ್ದೀತು ಎಂಬುದಕ್ಕೂ ಸಾಕ್ಷಿಯಿದೆ. 1945ರಲ್ಲಿ ಅಣುಬಾಂಬಿನ ಗುರಿಗಳ ಪಟ್ಟಿಯಿಂದ ಜಪಾನಿನ ಹಳೆಯ ರಾಜಧಾನಿ ಕ್ಯೋಟೋವನ್ನು ಹೊಡೆದುಹಾಕಿಸಿದವರು ಅಮೆರಿಕದ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್. ಅವರು 1926ರಲ್ಲಿ ಆ ಊರನ್ನು ಕಂಡು ಬಂದಿದ್ದವರು. ಕ್ಯೋಟೋದ ದೇವಾಲಯಗಳು ಉಳಿದವು, ಪಟ್ಟಿಗೆ ನಾಗಸಾಕಿ ಸೇರಿತು. ಕ್ಯೋಟೋ ಉಳಿಯಿತೆಂದು ಸಂತೋಷಪಡುವಾಗಲೆಲ್ಲ ನಾಗಸಾಕಿಯವರ ಮುಖ ನೋಡಿ ಮಾತಾಡಬೇಕು.

ಆದರೂ ಆ ಪ್ರಶ್ನೆಯೊಳಗೆ ಒಂದು ಮೋಸ ಅಡಗಿದೆ. ಕಲ್ಲು ಒಡೆಯುವ ಕೈಯೂ ಜನರನ್ನು ಕೊಲ್ಲುವ ಕೈಯೂ ಬೇರೆಬೇರೆ ಎಂದು ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಸರಾಯೆವೊಕ್ಕೆ ಹೋಗಿ ನೋಡೋಣ. ಬೋಸ್ನಿಯಾದ ರಾಜಧಾನಿ, ಸುತ್ತ ಬೆಟ್ಟ, ಬೆಟ್ಟದ ಮೇಲೆ ಸರ್ಬ್ ಪಡೆಗಳ ತೋಪು. 1992ರ ಮೇ 17ರಂದು ಅಲ್ಲಿಯ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಸುಟ್ಟಿತು. ಅರಬ್ಬಿ, ಪಾರ್ಸಿ, ತುರ್ಕಿ ಭಾಷೆಗಳ 5,263 ಹಸ್ತಪ್ರತಿಗಳಿದ್ದ ಸಂಗ್ರಹ ಬಹುಮಟ್ಟಿಗೆ ಬೂದಿಯಾಯಿತು. ಆಗಸ್ಟ್ 25ರ ರಾತ್ರಿ ರಾಷ್ಟ್ರೀಯ ಗ್ರಂಥಾಲಯದ ಸರದಿ. ಅಲ್ಲಿದ್ದದ್ದು ಸುಮಾರು 15 ಲಕ್ಷ ಪುಸ್ತಕ, ಅದರಲ್ಲಿ 1,55,000 ಅಪರೂಪದ ಪುಸ್ತಕ, ಹಸ್ತಪ್ರತಿ. ಬೆಂಕಿ ಹಚ್ಚುವ ಷೆಲ್ಲುಗಳನ್ನೇ ಆರಿಸಿ ಹೊಡೆದರು. ಊರಿಗೆ ನೀರು ಮೊದಲೇ ನಿಂತಿತ್ತು, ಬೆಂಕಿ ಆರಿಸಲು ಬಂದವರ ಮೇಲೆ ಬೆಟ್ಟದಿಂದ ಗುಂಡು. ಗ್ರಂಥಪಾಲಕರೂ ಊರವರೂ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಎಷ್ಟು ಸಾಧ್ಯವೋ ಅಷ್ಟು, ಅಂದರೆ ಹತ್ತರಲ್ಲಿ ಒಂದು ಪಾಲು ಉಳಿದರೆ ದೊಡ್ಡದು. ಆ ದಾಳಿಯ ಹೊತ್ತಿನಲ್ಲಿ ಐದಾ ಬುತುರೋವಿಚ್ ಎಂಬ ಗ್ರಂಥಪಾಲಕಿ ಷೆಲ್ಲಿಗೆ ಸಿಕ್ಕು ಸತ್ತರು. ವಯಸ್ಸು ಮೂವತ್ತರ ಆಸುಪಾಸು. ಮಾರನೆಯ ದಿನಗಳಲ್ಲಿ ಇಡೀ ಊರಿನ ಮೇಲೆ, ಮಾಳಿಗೆ, ಅಂಗಳ, ಒಣಗಲು ಹಾಕಿದ ಬಟ್ಟೆಯ ಮೇಲೆ ಪುಟಗಳ ಕರಿ ಉದುರುತ್ತಲೇ ಇತ್ತು.

ಮನೆಗಳ ನಲ್ಲಿ ಬಂದ್ ಮಾಡಿದವರೂ ಗ್ರಂಥಾಲಯಕ್ಕೆ ನೀರು ತಪ್ಪಿಸಿದವರೂ ಅವರೇ. ರೊಟ್ಟಿಯ ಸಾಲಿನಲ್ಲಿ ನಿಂತವರ ಮೇಲೂ ಪುಸ್ತಕದ ಸಾಲಿನಲ್ಲಿ ನಿಂತವರ ಮೇಲೂ ಗುಂಡು ಬಂದದ್ದು ಅದೇ ಬೆಟ್ಟದಿಂದ. ಈ ಊರಿನಲ್ಲಿ ಕ್ರೈಸ್ತರು, ಮುಸ್ಲಿಮರು, ಯೆಹೂದಿಗಳು ಒಟ್ಟಿಗೆ ಬಾಳಿದ್ದರು ಎಂಬುದಕ್ಕೆ ದಾಖಲೆ ಆ ಕಪಾಟುಗಳಲ್ಲಿತ್ತು. ಜನರನ್ನು ಓಡಿಸಿದ ಮೇಲೆ ಅವರು ಇದ್ದರೆಂಬ ಗುರುತೂ ಇರಬಾರದು ಎನ್ನುವವರು ಮೊದಲು ಹುಡುಕುವುದು ಜಮೀನಿನ ಪಹಣಿ, ಸ್ಮಶಾನ, ಗುಡಿ, ಪುಸ್ತಕ. ಇಂಥ ಕಡೆ ಕಲ್ಲು ಮೊದಲೋ ಜನ ಮೊದಲೋ ಎಂದು ಕೇಳುತ್ತ ಕೂರುವುದು ಕೊಲ್ಲುವವನಿಗೆ ಪುರಸೊತ್ತು ಕೊಟ್ಟಂತೆ.

ನಿಜವಾದ ಕಗ್ಗಂಟು ಬೇರೆ ಕಡೆ ಇದೆ. ಅದು ದುಷ್ಟರ ಕಥೆಯಲ್ಲ, ನಮ್ಮ ಪಕ್ಷದವರ ಕಥೆ. ನಮ್ಮ ಎಂದರೆ ಅಕ್ಷರಶಃ ನಮ್ಮ. 1944ರ ಚಳಿಗಾಲ, ಇಟಲಿಯ ಮೊಂಟೆ ಕಸ್ಸಿನೊ. ಬೆಟ್ಟದ ತುದಿಯಲ್ಲಿ ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಹೂಡಿದ ಕ್ರೈಸ್ತ ಮಠ. ಸುತ್ತ ಜರ್ಮನ್ ಸೈನ್ಯ. ಬೆಟ್ಟ ಹಿಡಿಯುವ ಕೆಲಸ ಬಿದ್ದದ್ದು 4ನೇ ಇಂಡಿಯನ್ ಡಿವಿಷನ್ ಮೇಲೆ: ರಾಜಪುತಾನ ರೈಫಲ್ಸ್, ಗೂರ್ಖಾ, ಪಂಜಾಬಿನ ಹುಡುಗರು. ಮಠದ ಕಿಟಕಿಗಳಿಂದ ಯಾರೋ ತಮ್ಮನ್ನೇ ನೋಡುತ್ತಿದ್ದಾರೆ ಎಂದು ಕೆಳಗಿದ್ದ ಪ್ರತಿ ಸಿಪಾಯಿಗೂ ಅನ್ನಿಸುತ್ತಿತ್ತಂತೆ. ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಫ್ರಾನ್ಸಿಸ್ ಟಕರ್ ಬುದ್ಧಿವಂತ ಅಧಿಕಾರಿ. ಮಠದ ಗೋಡೆ ಎಷ್ಟು ದಪ್ಪ ಎಂದು ಮೇಲಿನವರು ಹೇಳದೇ ಹೋದಾಗ ನೇಪಲ್ಸಿನ ಪುಸ್ತಕದಂಗಡಿಗಳಲ್ಲಿ ಹುಡುಕಿಸಿ 1879ರಲ್ಲಿ ಅಚ್ಚಾದ ಒಂದು ಪುಸ್ತಕ ತರಿಸಿದರು. ಕಟ್ಟಡದ ವಿವರವೆಲ್ಲ ಅದರಲ್ಲಿತ್ತು. ಅದನ್ನು ಓದಿಯೇ ಇದಕ್ಕೆ ಭಾರೀ ಬಾಂಬುಗಳೇ ಬೇಕು ಎಂದು ಬರೆದರು.

ಫೆಬ್ರವರಿ 15ರಂದು 200ಕ್ಕೂ ಹೆಚ್ಚು ಬಾಂಬರ್ ವಿಮಾನಗಳು ಬಂದವು. ಮಠ ಪುಡಿಯಾಯಿತು. ಒಳಗೆ ಇದ್ದವರು ಮುದಿ ಮಠಾಧಿಪತಿ, ಕೆಲವು ಸನ್ಯಾಸಿಗಳು, ಆಶ್ರಯ ಬೇಡಿ ಬಂದಿದ್ದ ಸುತ್ತಲ ಹಳ್ಳಿಯ ಹೆಂಗಸರು ಮಕ್ಕಳು. ಜರ್ಮನ್ ಸೈನಿಕರು ಇರಲಿಲ್ಲ. ಸತ್ತವರು ಹಳ್ಳಿಯವರು. ನಮ್ಮ ಪದಾತಿಗಳಿಗೆ ಬಾಂಬು ಯಾವಾಗ ಬೀಳುತ್ತದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ, ಬಿದ್ದ ಹೊತ್ತಿಗೆ ಅವರು ನುಗ್ಗಲು ತಯಾರಿರಲಿಲ್ಲ. ಬಾಂಬು ಬಿದ್ದ ಮೇಲೆ ಜರ್ಮನ್ ಪ್ಯಾರಾಟ್ರೂಪರ್‌ಗಳು ಅವಶೇಷದೊಳಗೆ ಬಂದು ಕೂತರು. ಇಡೀ ಗೋಡೆಗಿಂತ ಕುಸಿದ ಗೋಡೆ ಒಳ್ಳೆಯ ಮರೆ. ಮುಂದಿನ ರಾತ್ರಿಗಳಲ್ಲಿ ಆ ಇಳಿಜಾರಿನಲ್ಲಿ ರಾಜಪುತಾನ ರೈಫಲ್ಸಿನವರೂ ಗೂರ್ಖಾಗಳೂ ಗುಂಪು ಗುಂಪಾಗಿ ಬಿದ್ದರು. ಬೆಟ್ಟ ಕೈಸೇರಿದ್ದು ಮೇ 18ಕ್ಕೆ, ಅದೂ ಪೋಲೆಂಡಿನ ಸೈನಿಕರ ಕೈಗೆ. ಮಠದ ಗ್ರಂಥಗಳು ಮಾತ್ರ ಬದುಕಿದ್ದವು. ಏಕೆಂದರೆ 1943ರ ಕೊನೆಯಲ್ಲೇ ಇಬ್ಬರು ಅಧಿಕಾರಿಗಳು ಅವನ್ನು ಲಾರಿಗಳಿಗೆ ತುಂಬಿಸಿ ರೋಮಿನ ಕಡೆ ಸಾಗಿಸಿದ್ದರು. ಆ ಇಬ್ಬರೂ ಜರ್ಮನ್ ಸೇನೆಯವರು!

ಈ ಬಾಂಬ್ ದಾಳಿಗೆ ಬರೇ ಆರೇಳು ವಾರ ಮುಂಚೆ, 1943ರ ಡಿಸೆಂಬರ್ 29ರಂದು, ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ತಮ್ಮ ಎಲ್ಲ ಕಮಾಂಡರುಗಳಿಗೆ ಒಂದು ಪತ್ರ ಕಳಿಸಿದ್ದರು. ಹೆಸರಾಂತ ಕಟ್ಟಡವೋ ನಮ್ಮ ಸೈನಿಕರ ಪ್ರಾಣವೋ ಎಂಬಂಥ ಹೊತ್ತು ಬಂದರೆ ಪ್ರಾಣವೇ ದೊಡ್ಡದು, ಆದರೆ ಹೊತ್ತು ಯಾವಾಗಲೂ ಅಷ್ಟು ಸರಳವಾಗಿರುವುದಿಲ್ಲ, ಸೈನಿಕ ಅನಿವಾರ್ಯ ಎಂದು ಹೇಳಿ ಬರೀ ಅನುಕೂಲವನ್ನು ನೋಡಿಕೊಳ್ಳುವುದೂ ಉಂಟು ಎಂಬುದು ಅದರ ತಾತ್ಪರ್ಯ. ಆ ಪತ್ರ ಕಸ್ಸಿನೊದಲ್ಲಿ ಇದ್ದವರ ಕೈಗೂ ಬಂದಿತ್ತು. ಓದಿದರು, ಬಾಂಬು ಹಾಕಿದರು.

ಇದೇ ಅನಿವಾರ್ಯದ ಕಂಡಿ ಮುಂದೆ ಕಾನೂನಿಗೂ ಹೊಕ್ಕಿತು. ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸೊತ್ತನ್ನು ಕಾಯುವ ಹೇಗ್ ಒಪ್ಪಂದ 1954ರ ಮೇ 14ರದು. ನೀಲಿ-ಬಿಳಿ ಗುರಾಣಿಯ ಗುರುತು ಅದರ ಕೊಡುಗೆ. ಗುರಾಣಿ ಇರುವ ಕಡೆ ಹೊಡೆಯಬಾರದು, ಅಂಥ ಕಡೆ ಸೈನ್ಯವೂ ತಂಗಬಾರದು. ಆದರೆ ಸೈನಿಕ ಅನಿವಾರ್ಯ ಬಂದಾಗ ಈ ಕಟ್ಟು ಸಡಿಲಿಸಬಹುದು ಎಂದು ಅದೇ ಒಪ್ಪಂದ ಹೇಳಿತು. ಯಾವುದು ಅನಿವಾರ್ಯ ಎಂಬುದನ್ನು ಬಿಡಿಸಿ ಹೇಳಲಿಲ್ಲ. 1991ರ ಡಿಸೆಂಬರ್ 6ರಂದು ಕ್ರೊಯೇಷಿಯಾದ ದುಬ್ರೊವ್ನಿಕ್ ಹಳೇ ಪೇಟೆಯ ಮೇಲೆ ಷೆಲ್ ಸುರಿಯುವಾಗ ಆ ಗುರುತು ಅಲ್ಲಿ ಹಾರುತ್ತಿತ್ತು. ಅದಕ್ಕೆ ಹೊಣೆಯಾದ ಅಡ್ಮಿರಲ್ ಮಿಯೋದ್ರಾಗ್ ಯೋಕಿಚ್ ತಪ್ಪೊಪ್ಪಿಕೊಂಡು 2004ರಲ್ಲಿ 7 ವರ್ಷದ ಶಿಕ್ಷೆ ಪಡೆದರು. ಆದರೆ ಬೋಸ್ನಿಯಾದ ಮೊಸ್ತಾರ್‌ನ ಸೇತುವೆಯ ವಿಷಯ ಹಾಗಾಗಲಿಲ್ಲ.

ಮೊಸ್ತಾರ್‌ನ ಹಳೇ ಸೇತುವೆ 1566ರದು. ತುರ್ಕಿ ಸುಲ್ತಾನನ ಕಾಲದ ಒಂಟಿ ಕಮಾನು, ನೆರೆತ್ವ ನದಿಯ ಮೇಲೆ. 1993ರ ನವೆಂಬರ್ 9ರಂದು ಕ್ರೊಯಾಟ್ ಪಡೆಯ ಟ್ಯಾಂಕು ಹೊಡೆದು ಹೊಡೆದು ಅದನ್ನು ನೀರಿಗೆ ಬೀಳಿಸಿತು. ಬೋಸ್ನಿಯಾ ಸೈನಿಕರಿಗೆ ಮದ್ದುಗುಂಡು ಸಾಗಿಸುವ ದಾರಿ ಅದು, ನಿಜ. ಮುತ್ತಿಗೆಯಲ್ಲಿದ್ದ ಪೂರ್ವ ದಡದ ಜನರಿಗೂ ಅದೇ ದಾರಿ. 2013ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಇದನ್ನು ಅಪರಾಧವೆಂದಿತು. 2017ರ ನವೆಂಬರ್ 29ರಂದು ಮೇಲ್ಮನವಿ ಪೀಠ ಆ ಭಾಗವನ್ನು ರದ್ದುಮಾಡಿತು: ಸೇತುವೆ ಸೈನಿಕ ಗುರಿಯೇ ಆಗಿತ್ತು. ಮಿಕ್ಕ ಘೋರ ಅಪರಾಧಗಳಿಗೆ ಶಿಕ್ಷೆ ಖಾಯಮ್ಮಾಯಿತು. ಆ ದಿನ ಅದೇ ಕಟಕಟೆಯಲ್ಲಿ ನಿಂತು ವಿಷ ಕುಡಿದು ಸತ್ತ ಜನರಲ್ ಸ್ಲೊಬೊದಾನ್ ಪ್ರಲ್ಯಾಕ್ ಯುದ್ಧಕ್ಕೆ ಮುಂಚೆ ನಾಟಕ, ಸಿನಿಮಾ ನಿರ್ದೇಶಕ. ಸರಾಯೆವೊವನ್ನು ಮುತ್ತಿದವರ ಮುಂದಾಳುಗಳಲ್ಲಿ ಒಬ್ಬರಾದ ನಿಕೊಲಾ ಕೊಲ್ಯೆವಿಚ್ ಷೇಕ್ಸ್‌ಪಿಯರ್ ಪಾಠ ಹೇಳುತ್ತಿದ್ದ ಪ್ರೊಫೆಸರ್. ಟಕರ್ ಪುಸ್ತಕ ಹುಡುಕಿ ಓದಿದವರು. ಓದು, ರಸಿಕತೆ, ಸಂಸ್ಕಾರ ಇದ್ದರೆ ಸಾಕು, ಪರಂಪರೆ ತಾನಾಗಿ ಉಳಿಯುತ್ತದೆ ಎಂದು ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಭಾಷಣ ಮಾಡುವವರು ಈ ಮೂವರನ್ನು ಸ್ವಲ್ಪ ನೆನೆಯಬೇಕು.

ಹಾಗಾದರೆ ಯಾವುದು ತಡೆಯುತ್ತದೆ? ಆಜ್ಞೆ ತಡೆಯುತ್ತದೆ, ಆಜ್ಞೆಯ ಹಿಂದಿನ ಶಿಕ್ಷೆ ತಡೆಯುತ್ತದೆ. ಶ್ರೀರಂಗಪಟ್ಟಣವೇ ಇದಕ್ಕೆ ಸಾಕ್ಷಿ. 1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಇಂಗ್ಲಿಷ್ ಸೈನ್ಯ ಊರನ್ನು ಬಾಚಿ ದೋಚಿತು. ಮಾರನೆಯ ದಿನ ಊರಿನ ಉಸ್ತುವಾರಿಗೆ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ದೋಚುವವರಲ್ಲಿ ನಾಲ್ವರನ್ನು ನೇಣಿಗೆ ಹಾಕಿಸಿದ, ಹಲವರಿಗೆ ಛಡಿಯೇಟು ಕೊಡಿಸಿದ. ಲೂಟಿ ನಿಂತಿತು. ಸೈನ್ಯ ಕೈಮೀರಿತ್ತು, ಏನೂ ಮಾಡುವಂತಿರಲಿಲ್ಲ ಎಂದು ಪ್ರತಿ ಯುದ್ಧದ ಕೊನೆಗೂ ಕೇಳುತ್ತೇವಲ್ಲ, ನಾಲ್ಕು ಹಗ್ಗದಲ್ಲಿ ಆ ಮಾತಿನ ಬಣ್ಣ ಬಯಲಾಯಿತು.

ಬೀದಿಯ ಲೂಟಿ ನಿಂತಿತು, ಕಚೇರಿಯ ಲೂಟಿ ಶುರುವಾಯಿತು. ರಾತ್ರಿ ದೋಚಿದವರಿಗೆ ನೇಣು, ಹಗಲು ದೋಚುವವರಿಗೆ ಸಮಿತಿ. ಟಿಪ್ಪುವಿನ ಚಿನ್ನದ ತಗಡಿನ ಸಿಂಹಾಸನವನ್ನು ಪಾಲು ಹಂಚುವುದಕ್ಕಾಗಿ ತುಂಡು ತುಂಡು ಮಾಡಿದರು. ಗವರ್ನರ್ ಜನರಲ್ ಆಮೇಲೆ ಅಯ್ಯೋ ಎಂದರೂ ಹೊತ್ತು ಮೀರಿತ್ತು. ಅದರ ಹುಲಿಯ ತಲೆಯೊಂದು, ಕೊಡೆಯ ಮೇಲಿದ್ದ ಹುಮಾ ಪಕ್ಷಿ ಇವತ್ತು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಗ್ರಂಥಭಂಡಾರ ಕಲ್ಕತ್ತಕ್ಕೂ ಲಂಡನ್ನಿಗೂ ಹಂಚಿಹೋಯಿತು. ಅದರ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅಚ್ಚುಹಾಕಿಸಿದ. ಪಟ್ಟಿ ಓದುವಾಗ ಹೊಟ್ಟೆ ಉರಿಯುತ್ತದೆ. ಆ ಉರಿಯನ್ನೇ ನೀವು ಇವತ್ತು ಸುಡಾನಿನ ಖಾರ್ತೂಮಿನವರ ಕಡೆಗೂ ಸ್ವಲ್ಪ ತಿರುಗಿಸಿ. ಅಲ್ಲಿಯ ರಾಷ್ಟ್ರೀಯ ಮ್ಯೂಸಿಯಂ 2023ರಲ್ಲಿ ಶುರುವಾದ ಅಂತರ್ಯುದ್ಧದಲ್ಲಿ ಬರಿದಾಗಿದೆ. ಗಾಜಾದವರ ಕಡೆಗೂ ತಿರುಗಿಸಿ. ಅಲ್ಲಿಯ ಮಹಾ ಓಮರಿ ಮಸೀದಿ 1917ರಲ್ಲಿ ಇಂಗ್ಲಿಷರ ಫಿರಂಗಿಗೆ ಮುರಿದು, ಮತ್ತೆ ಕಟ್ಟಿಸಿಕೊಂಡು, 2023ರ ಡಿಸೆಂಬರಿನಲ್ಲಿ ಇಸ್ರೇಲಿನ ಬಾಂಬಿಗೆ ಮತ್ತೆ ಬಿತ್ತು. ಉಕ್ರೇನಿನ ಖೆರ್ಸಾನ್ ಕಡೆಗೂ ತಿರುಗಿಸಿ. 2022ರ ನವೆಂಬರಿನಲ್ಲಿ ರಷ್ಯನ್ನರು ಊರು ಬಿಡುವ ಮುಂಚೆ ಅಲ್ಲಿಯ ಕಲಾ ಮ್ಯೂಸಿಯಮ್ಮಿನ ಚಿತ್ರಗಳನ್ನು ಲಾರಿಗೆ ಹೇರಿಕೊಂಡು ಹೋದರು. ಒಂದೊಂದರಲ್ಲೂ ನಾವು ಯಾರ ಪಕ್ಷ ಎಂಬುದರ ಮೇಲೆ ನಮ್ಮ ಕಣ್ಣೀರು ನಿಶ್ಚಯವಾಗುವುದಾದರೆ ಟಿಪ್ಪುವಿನ ಸಿಂಹಾಸನಕ್ಕೆ ಅಳುವ ಹಕ್ಕು ನಮಗೇನಿದೆ?

ಇದೆಲ್ಲ ಪಾಶ್ಚಾತ್ಯರ ಕಾನೂನು, ನಮ್ಮದೆಲ್ಲ ಬೇರೆ ಎನ್ನುವವರೂ ಉಂಟು. ಅವರನ್ನು ಮೈಸೂರಿಗೆ ಕರೆದೊಯ್ಯಬೇಕು. 1905ರಲ್ಲಿ ಅಲ್ಲಿಯ ಓರಿಯೆಂಟಲ್ ಲೈಬ್ರರಿಯ ಓಲೆಗರಿ ಕಟ್ಟುಗಳ ನಡುವೆ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. ಅಲ್ಲಿಯವರೆಗೆ ಜಗತ್ತಿಗೆ ಅದು ಹೆಸರಷ್ಟೇ ಆಗಿದ್ದ ಗ್ರಂಥ. 1909ರಲ್ಲಿ ಅಚ್ಚಾಯಿತು. ರಾಜನೀತಿಯಲ್ಲಿ ಅಷ್ಟು ಕಟುಕನಾದ ಲೇಖಕ ಬೇರೊಬ್ಬನಿಲ್ಲ. ದೇವರ ಹೆಸರಲ್ಲಿ ಜನರಿಗೆ ಟೋಪಿ ಹಾಕಿ ಬೊಕ್ಕಸ ತುಂಬುವ ಉಪಾಯವನ್ನೂ ಆತ ಬಿಟ್ಟಿಲ್ಲ. ಅಂಥವನು ಕೋಟೆ ಹಿಡಿಯುವ ಅಧ್ಯಾಯಕ್ಕೆ ಬಂದಾಗ ಏನೆನ್ನುತ್ತಾನೆ? ಪರಾಕ್ರಮದಿಂದ ಗೆಲ್ಲಬಹುದಾದ ಕಡೆ ಬೆಂಕಿ ಹಚ್ಚಬೇಡ. ಬೆಂಕಿಯನ್ನು ನಂಬಲಾಗದು, ಅದು ದೇವತೆಗಳನ್ನು ಪೀಡಿಸುತ್ತದೆ, ಲೆಕ್ಕವಿಲ್ಲದಷ್ಟು ಪ್ರಾಣಿ, ಧಾನ್ಯ, ಸಂಪತ್ತು ನುಂಗುತ್ತದೆ, ಹಾಗೆ ಬರಿದಾದ ರಾಜ್ಯ ಗೆದ್ದರೂ ನಷ್ಟವೇ. ಮುಂದಿನ ಅಧ್ಯಾಯದಲ್ಲಿ, ಗೆದ್ದ ನಾಡಿನ ದೇವತೆ, ಜಾತ್ರೆ, ಉತ್ಸವಗಳನ್ನು ಗೆದ್ದವನು ಭಕ್ತಿಯಿಂದ ನಡೆಸಿಕೊಂಡು ಹೋಗಬೇಕು ಎನ್ನುತ್ತಾನೆ. ಕರುಣೆಯಿಂದ ಹೇಳಿದ್ದಲ್ಲ, ಲಾಭನಷ್ಟ ನೋಡಿ ಹೇಳಿದ್ದು. ಇರಲಿ, ಕಸ್ಸಿನೊದ ಬೆಟ್ಟದಲ್ಲಿ ಆ ಲೆಕ್ಕಕ್ಕಾದರೂ ಬೆಲೆ ಸಿಗಲಿಲ್ಲ.

ಅಂದಹಾಗೆ, ಮೈಸೂರಿನ ಆ ಒಂದು ಕಟ್ಟು ಯಾವುದೋ ಯುದ್ಧದಲ್ಲಿ ಸುಟ್ಟಿದ್ದರೆ ಏನು ಹೋಯಿತೆಂಬುದೂ ನಮಗೆ ಗೊತ್ತಾಗುತ್ತಿರಲಿಲ್ಲ. ಸರಾಯೆವೊದ ಹಸ್ತಪ್ರತಿಗಳಲ್ಲಿ ಕೆಲವು ಇವತ್ತು ಓದಲು ಸಿಗುವುದು ಯುದ್ಧಕ್ಕೆ ಮುಂಚೆ ಅಲ್ಲಿಗೆ ಬಂದಿದ್ದ ಪರದೇಶದ ವಿದ್ವಾಂಸರು ತೆಗೆದುಕೊಂಡು ಹೋಗಿದ್ದ ನೆರಳಚ್ಚುಗಳಿಂದ. ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ಅಚ್ಚುಮಾಡಿಸದೆ ಇದ್ದಿದ್ದರೆ, ಆಮೇಲೆ ಕಾಣೆಯಾದ ಕಲ್ಲುಗಳ ಜೊತೆ ಅವುಗಳ ಮಾತೂ ಹೋಗುತ್ತಿತ್ತು. ನಿಮ್ಮ ಊರಿನ ಮಠದ, ಬಸದಿಯ, ದರ್ಗಾದ ಕಪಾಟಿನಲ್ಲಿ ಏನಿದೆ ಎಂಬುದಕ್ಕೆ ಒಂದು ಪಟ್ಟಿಯಿದೆಯೇ? ಅದರ ಒಂದು ಪ್ರತಿ ಬೇರೆ ಊರಿನಲ್ಲಿದೆಯೇ? ಕೇಳಿ ನೋಡಿ. ಮಾಲಿಯ ತಿಂಬಕ್ಟುವಿನಲ್ಲಿ 2012ರಲ್ಲಿ ಜಿಹಾದಿಗಳು ಊರು ಹಿಡಿದಾಗ ಅಬ್ದೆಲ್ ಕಾದೆರ್ ಹೈದರಾ ಎಂಬವರೂ ಅವರ ಗೆಳೆಯರೂ ಲಕ್ಷಾಂತರ ಹಸ್ತಪ್ರತಿಗಳನ್ನು ತಗಡಿನ ಟ್ರಂಕುಗಳಿಗೆ ತುಂಬಿ, ಕಾರಿನಲ್ಲಿ, ನೈಜರ್ ನದಿಯ ದೋಣಿಗಳಲ್ಲಿ ಬಮಾಕೋಗೆ ಕಳ್ಳಸಾಗಣೆ ಮಾಡಿದರು. ಅದು ಸಾಧ್ಯವಾದದ್ದು ಯಾವ ಮನೆಯ ಯಾವ ಕೋಣೆಯಲ್ಲಿ ಏನಿದೆ ಎಂದು ಆ ಮನೆತನಗಳಿಗೆ ಗೊತ್ತಿದ್ದದ್ದರಿಂದ. ಅಲ್ಲಿಯ ಸಂತರ ಗೋರಿಗಳನ್ನು ಒಡೆಸಿದ ಅಹ್ಮದ್ ಅಲ್ ಫಕಿ ಅಲ್ ಮಹ್ದಿಗೆ 2016ರಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ 9 ವರ್ಷ ಕೊಟ್ಟಿತು. ಬರೀ ಪರಂಪರೆಯ ನಾಶಕ್ಕಾಗಿ ಆ ನ್ಯಾಯಾಲಯ ನಡೆಸಿದ ಮೊದಲ ವಿಚಾರಣೆ ಅದು. ಊರಿನ ಗಾರೆಯವರೇ ಗೋರಿಗಳನ್ನು ಮತ್ತೆ ಕಟ್ಟಿದರು.

ಇನ್ನು ನಾವು ಮಾಡಬೇಕಾದದ್ದು. ಭಾರತ 1954ರ ಹೇಗ್ ಒಪ್ಪಂದವನ್ನು 1958ರಲ್ಲಿ ಸ್ಥಿರೀಕರಿಸಿತು. ಅಮೆರಿಕ ಅದಕ್ಕೆ ಬಂದದ್ದು 2009ರಲ್ಲಿ, ಬ್ರಿಟನ್ 2017ರಲ್ಲಿ. ಅಷ್ಟರ ಮಟ್ಟಿಗೆ ನಾವು ಮುಂದು. ಆದರೆ ಅನಿವಾರ್ಯದ ಆ ಕಂಡಿಯನ್ನು ಮುಚ್ಚಲು 1999ರಲ್ಲಿ ಬಂದ ಎರಡನೆಯ ಪ್ರೋಟೋಕಾಲ್‌ಗೆ ನಾವಿನ್ನೂ ಸೇರಿಲ್ಲ. ಕಟ್ಟಡ ನಿಜವಾಗಿ ಸೈನಿಕ ಕೆಲಸಕ್ಕೆ ಬಳಕೆಯಾಗುತ್ತಿರಬೇಕು, ಬೇರೆ ದಾರಿಯೇ ಇಲ್ಲದಿರಬೇಕು, ಸಾಮಾನ್ಯವಾಗಿ ಬೆಟಾಲಿಯನ್ ಅಥವಾ ಅದಕ್ಕೂ ಮೇಲಿನ ಮಟ್ಟದ ಅಧಿಕಾರಿಯೇ ನಿರ್ಧಾರ ತೆಗೆದುಕೊಳ್ಳಬೇಕು, ಸಾಧ್ಯವಿದ್ದರೆ ಮುನ್ಸೂಚನೆ ಕೊಡಬೇಕು ಎಂದು ಅದು ಬಿಡಿಸಿ ಹೇಳುತ್ತದೆ. ತಪ್ಪಿದವರನ್ನು ಹೆಸರು ಹಿಡಿದು ಶಿಕ್ಷಿಸಬೇಕು ಎನ್ನುತ್ತದೆ. ಇಷ್ಟಕ್ಕೆ ಸಹಿ ಹಾಕಿದರೆ ನಮ್ಮ ಸೈನ್ಯದ ಕೈ ಕಟ್ಟಿದಂತಾಗುತ್ತದೆ ಎಂದು ಹೇಳುವವರಿದ್ದಾರೆ. ಹೌದು, ಸ್ವಲ್ಪ ಕಟ್ಟುತ್ತದೆ. ಕಟ್ಟಲಿ ಎಂದೇ ಕೇಳುತ್ತಿರುವುದು. ಆ ಬದಿಯವರು ಪಾಲಿಸದಿದ್ದರೆ? ಅವರು ಪಾಲಿಸಲಿ ಬಿಡಲಿ, ತೀತ್ವಾಲಿನ ಆಚೆಗಿರುವ ಶಾರದೆಯ ಗೋಡೆ ಬಿದ್ದರೆ ಬೀಳಿಸಿದ ಕೈ ನಮ್ಮದಾಗಿರಬಾರದು.

1954ರ ಒಪ್ಪಂದ ಇನ್ನೊಂದು ಹೊಣೆಯನ್ನೂ ಹೊರಿಸಿದೆ: ಶಾಂತಿಯ ಕಾಲದಲ್ಲೇ ಸೈನಿಕರ ಮನಸ್ಸಿನಲ್ಲಿ ಎಲ್ಲ ಜನಾಂಗಗಳ ಸಂಸ್ಕೃತಿಗೂ ಗೌರವ ಮೂಡಿಸಬೇಕು, ಅದಕ್ಕೆಂದೇ ತಿಳಿದವರನ್ನು ಸೈನ್ಯದಲ್ಲಿ ಇಟ್ಟುಕೊಳ್ಳಬೇಕು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಿಂದ ಹೊರಬೀಳುವ ಹುಡುಗನಿಗೆ ಆ ಪಾಠ ಎಷ್ಟು ಗಂಟೆ ಸಿಗುತ್ತದೆ, ಯಾರು ಹೇಳಿಕೊಡುತ್ತಾರೆ? ಹಂಪಿಯಲ್ಲಿ, ಬಾದಾಮಿಯಲ್ಲಿ, ಧಾರವಾಡದ ವಿಶ್ವವಿದ್ಯಾಲಯದಲ್ಲಿ ಇದನ್ನು ಹೇಳಿಕೊಡಬಲ್ಲವರಿಗೆ ಕೊರತೆಯಿಲ್ಲ. ಕರೆದರೆ ಹೋಗುತ್ತಾರೆ.

ಕರ್ನಾಟಕದಿಂದ ಲೋಕಸಭೆಗೆ 28 ಜನರನ್ನೂ ರಾಜ್ಯಸಭೆಗೆ 12 ಜನರನ್ನೂ ಕಳಿಸಿದ್ದೇವೆ. ನಿಮ್ಮವರು ಯಾರೋ ಅವರಿಗೆ ಒಂದು ಕಾಗದ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಉದ್ದ ಬೇಡ. ಮುಂದಿನ ಅಧಿವೇಶನದಲ್ಲಿ ಅವರಲ್ಲಿ ಒಬ್ಬರಾದರೂ ಎದ್ದು ನಿಂತು, ಭಾರತ 1999ರ ಪ್ರೋಟೋಕಾಲ್‌ಗೆ ಯಾವಾಗ ಸೇರುತ್ತದೆ, ಸೇರದಿದ್ದರೆ ಏಕೆ ಎಂದು ಸರ್ಕಾರವನ್ನು ಕೇಳಲಿ. ಉತ್ತರ ಏನೇ ಬರಲಿ, ಸದನದ ಕಡತದಲ್ಲಿ ದಾಖಲಾಗಲಿ. ಮುಂದಿನ ಸಲ ಟೀವಿಯಲ್ಲಿ ಸೈರನ್ ಕೂಗುವಾಗ ಅದನ್ನು ತೆಗೆದು ತೋರಿಸಲಿಕ್ಕೆ ಬೇಕಾಗುತ್ತದೆ.